ಕಲ್ಲಿನ ಸಾರ, ಕೆರೆಯ ಗೋಡು

ಕೂಟಗಲ್ ಎಂಬ ಹೆಸರಿನಲ್ಲಿಯೇ ಕಲ್ಲು ಕೇಳಿಸುತ್ತದೆ. ರಾಮನಗರದ ಸುತ್ತಣ ಈ ಬಂಡೆಗಳು ಹುಟ್ಟಿ ಸುಮಾರು 250 ಕೋಟಿ ವರ್ಷಗಳಾದುವು. ಭೂವಿಜ್ಞಾನಿಗಳು ಇವನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಊರು ಕಳಚಿಹಾಕಿತು. ಕಲ್ಲು ಮಾತ್ರ ಇನ್ನೂ ಹೊತ್ತಿದೆ.

ಈ ಕಲ್ಲಿನಲ್ಲಿ ಪೊಟ್ಯಾಸಿಯಂ ಹೇರಳ. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಕೂಡಿಕೊಂಡು ಅದನ್ನು ಇಷ್ಟಿಷ್ಟೇ ಸವೆಸುತ್ತದೆ. ಸವೆದ ಸಾರ ಮಣ್ಣಿಗೆ, ಮಣ್ಣಿನಿಂದ ರಾಗಿಗೆ, ರಾಗಿಹುಲ್ಲಿನಿಂದ ದನಕ್ಕೆ, ತಿಪ್ಪೆಯಿಂದ ಮರಳಿ ಹೊಲಕ್ಕೆ ಬರುತ್ತದೆ. ಕೊಚ್ಚಿಹೋದುದು ಕೆರೆಯಲ್ಲಿ ಗೋಡಾಗಿ ನಿಲ್ಲುತ್ತದೆ.

ನೀರಿಗೂ ಈ ಸಾರಕ್ಕೂ ಒಂದು ಭೇದವುಂಟು. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡಿ ಕಡಲಿಗೆ ಸಾಗುತ್ತದೆ. ಕಡಲಿನಿಂದ ಆವಿಯಾಗಿ ಎದ್ದ ನೀರು ಸರಾಸರಿ ಹತ್ತು ದಿನದೊಳಗೆ ಮಳೆಯಾಗಿ ಇಳಿಯುತ್ತದೆ. ಪೊಟ್ಯಾಸಿಯಮ್ಮಿಗೆ ಆ ರೆಕ್ಕೆಯಿಲ್ಲ. ಕಡಲ ತಳದ ಕೆಸರನ್ನು ಸೇರಿದರೆ, ಆ ತಳವೇ ನೆಲವಾಗಿ ಮೇಲೇಳುವವರೆಗೆ, ಕೋಟ್ಯಂತರ ವರ್ಷ, ಅದಕ್ಕೆ ಬಿಡುಗಡೆಯಿಲ್ಲ.

ಹಳೆಯ ಮೈಸೂರಿನ ರೈತ ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಗೆ ಹೇರಿ ಹೊಲಕ್ಕೆ ಹೊಡೆಯುತ್ತಿದ್ದ. ರಸಾಯನಶಾಸ್ತ್ರ ಓದದೆಯೇ ಅವನು ಪ್ರಕೃತಿಯ ಸುತ್ತನ್ನು ಕೋಟಿ ವರ್ಷಗಳಷ್ಟು ಮೊಟಕುಮಾಡುತ್ತಿದ್ದನಲ್ಲವೆ?

ಇಂದು ಹೊಲದ ಸಾರ ಕಾಳಾಗಿ, ತರಕಾರಿಯಾಗಿ, ಹಾಲಾಗಿ ಬೆಂಗಳೂರಿಗೆ ಹೋಗುತ್ತದೆ. ವೃಷಭಾವತಿಯ ಕೊಳಚೆಯಾಗಿ, ಕಾರ್ಖಾನೆಯ ವಿಷದೊಡನೆ, ಬೈರಮಂಗಲದ ಕೆರೆಗೆ ಇಳಿಯುತ್ತದೆ. ಆ ಗೋಡನ್ನು ಹೊಲಕ್ಕೆ ಹೊಡೆಯಲು ಯಾರಿಗೆ ಧೈರ್ಯ? ಹೊಲಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಕೆನಡಾ, ರಷ್ಯಾ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅದು ಎಂದೋ ಬತ್ತಿದ ಕಡಲುಗಳ ಉಪ್ಪು. ಗಾಡಿಯ ಹಾದಿಯಲ್ಲಿ ಮುಗಿಯುತ್ತಿದ್ದ ಸುತ್ತು ಈಗ ಸಮುದ್ರಗಳನ್ನು ದಾಟಿ ಬರಬೇಕಾಗಿದೆ.