ಸ್ಪ್ರಿಂಗ್ ಏರ್ ಪಿಸ್ತೂಲ್: ಬಿಚ್ಚುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಡಿಮೆ ಬೆಲೆಯ ಸ್ಪ್ರಿಂಗ್ ಏರ್ ಪಿಸ್ತೂಲಿಗೆ ಮದ್ದು ಬೇಕಿಲ್ಲ. ನಳಿಕೆಯನ್ನು ಮಡಿಸಿ ಎಳೆದಾಗ ಒಳಗಿನ ಉಕ್ಕಿನ ಸ್ಪ್ರಿಂಗ್ ಮುದುಡಿ ನಿಲ್ಲುತ್ತದೆ. ಟ್ರಿಗರ್ ಒತ್ತಿದೊಡನೆ ಅದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡಕ್ಕೊಳಗಾದ ಗಾಳಿಯು ಸೀಸದ ಪೆಲೆಟ್ಟನ್ನು ಹೊರದೂಡುತ್ತದೆ.

ಪಿಸ್ತೂಲನ್ನು ಎಳೆದು ಸಜ್ಜುಗೊಳಿಸದಿದ್ದಾಗಲೂ ಸ್ಪ್ರಿಂಗ್ ಪೂರ್ಣವಾಗಿ ಸಡಿಲವಾಗಿರುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. ಕೋರಮಂಡಲ್, ಉರಿಗಾಂ, ಚಾಂಪಿಯನ್ ರೀಫ್ ಭಾಗದ ಜನರಿಗೆ ಅಡಗಿದ ಬಲದ ಪರಿಣಾಮ ಅಪರಿಚಿತವಲ್ಲ. 2001ರ ಫೆಬ್ರುವರಿ 28ರಂದು ಮುಚ್ಚಿದ ಇಲ್ಲಿನ ಚಿನ್ನದ ಗಣಿಗಳಲ್ಲಿ, ಒತ್ತಡ ಹೊತ್ತ ಬಂಡೆ ಹಠಾತ್ತನೆ ಸಿಡಿಯುವ ‘ರಾಕ್ ಬರ್ಸ್ಟ್’ ಹಲವು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತ್ತು. ಪಿಸ್ತೂಲಿನ ಬಲ ಅದರ ಮುಂದೆ ಅತ್ಯಲ್ಪವಾದರೂ, ಕಣ್ಣಿಗೆ ಹಾನಿ ಮಾಡಲು ಅಷ್ಟೇ ಸಾಕು.

ಬಿಚ್ಚುವ ಕ್ರಮ: ಮೊದಲು ನಳಿಕೆಯಲ್ಲಿ ಪೆಲೆಟ್ ಇಲ್ಲವೆಂದೂ ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಹಿಡಿ ಹಾಗೂ ಟ್ರಿಗರ್ ಭಾಗಗಳನ್ನು ತೆಗೆಯುವಾಗ ಪ್ರತಿ ಹಂತದ ಛಾಯಾಚಿತ್ರ ತೆಗೆದುಕೊಳ್ಳುವುದು ಒಳಿತು. ಸಿಲಿಂಡರಿನ ಹಿಂಬದಿಯ ಮುಚ್ಚಳವನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದ ಬಳಿಕವೇ ಅದನ್ನು ತಡೆದಿರುವ ಪಿನ್ ಹೊರತೆಗೆಯಬೇಕು. ನಂತರ ಕ್ಲ್ಯಾಂಪನ್ನು ನಿಧಾನವಾಗಿ ಸಡಿಲಿಸಬೇಕು. ಕೈಯಿಂದ ಒತ್ತಿ ಹಿಡಿದು ಪಿನ್ ಕೀಳುವುದು ಸಲ್ಲದು.

ಹೊಡೆತ ದುರ್ಬಲವಾಗಿದ್ದರೆ ಪಿಸ್ಟನ್ನಿನ ವಾಷರ್ ಸವೆದಿರುವ ಅಥವಾ ಸ್ಪ್ರಿಂಗ್ ತುಂಡಾಗಿರುವ ಸಾಧ್ಯತೆಯಿದೆ. ಹಳೆಯ ಗ್ರೀಸ್ ಒರೆಸಿ, ಸ್ಪ್ರಿಂಗಿಗೆ ತೆಳುವಾಗಿ ಹೊಸ ಗ್ರೀಸ್ ಸವರಿದರೆ ಸಾಕು. ಪಿಸ್ಟನ್ನಿನ ಮುಂಭಾಗಕ್ಕೆ ಯಂತ್ರದ ಎಣ್ಣೆ ಬಿಡಬಾರದು. ಒತ್ತಡಕ್ಕೆ ಸಿಕ್ಕ ಗಾಳಿ ಬಿಸಿಯಾಗಿ ಎಣ್ಣೆ ಹೊತ್ತಿಕೊಳ್ಳಬಹುದು. ಡೀಸೆಲ್ ಎಂಜಿನ್ ನಡೆಯುವುದು ಇದೇ ತತ್ವದ ಮೇಲೆ.

ಜೋಡಣೆ ಇದೇ ಕ್ರಮದ ಹಿಮ್ಮುಖ. ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿ ಪರೀಕ್ಷಿಸಬಾರದು. ಗಾಳಿಯ ತಡೆಯಿಲ್ಲದೆ ಪಿಸ್ಟನ್ ಸಿಲಿಂಡರಿನ ತುದಿಗೆ ಅಪ್ಪಳಿಸಿ, ವಾಷರ್ ಮತ್ತು ಸ್ಪ್ರಿಂಗ್ ಎರಡೂ ಹಾಳಾಗುತ್ತವೆ.

ಹೆಚ್ಚು ಬಲದ ಸ್ಪ್ರಿಂಗ್ ಅಳವಡಿಸುವ ಆಸೆ ಕಾನೂನಿನ ತೊಡಕಿಗೂ ದಾರಿಯಾಗಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಹೊಮ್ಮುವ ಶಕ್ತಿ 20 ಜೂಲ್ ಮೀರಿದರೆ ಅಥವಾ ನಳಿಕೆಯ ವ್ಯಾಸ 0.177 ಅಂಗುಲಕ್ಕಿಂತ ಹೆಚ್ಚಿದ್ದರೆ ಪರವಾನಗಿ ಅಗತ್ಯ. ಸರಿಯಾದ ಕ್ಲ್ಯಾಂಪ್ ಇಲ್ಲದವರು ಈ ಕೆಲಸವನ್ನು ಅನುಭವಿ ದುರಸ್ತಿಗಾರರಿಗೆ ಒಪ್ಪಿಸುವುದೇ ಕ್ಷೇಮ.