ಸರ್ವಜ್ಞನಗರಕ್ಕೆ ಜಪಾನಿನ ಸಾಲ

ಕಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಗೆ ಕಾವೇರಿ ನೀರು ಬರೋದು ಬೆಳಗಿನ ಜಾವ. ಮೊನ್ನೆ ಡ್ರಮ್ ತುಂಬಿಸ್ತಾ ಅಮ್ಮ ಕೇಳಿದಳು, "ಈ ನೀರಿನ ಯೋಜನೆಗೆ ದುಡ್ಡು ಕೊಟ್ಟಿದ್ದು ಜಪಾನಿನವರಂತೆ, ಹೌದೇನೋ? ಅವರಿಗ್ಯಾಕೆ ನಮ್ಮ ಉಸಾಬರಿ?" ನನಗೆ ಉತ್ತರ ಗೊತ್ತಿರಲಿಲ್ಲ. ವೀಕೆಂಡಿನಲ್ಲಿ ಕೂತು ಓದಿದೆ. ತಿಳಿದದ್ದು ಇಷ್ಟು.

ಮೊದಲನೆಯದಾಗಿ, ಅದು ದಾನವಲ್ಲ, ಸಾಲ. ಬಡ್ಡಿ ಕಡಿಮೆ, ತೀರಿಸಲು ದಶಕಗಳ ಕಾಲಾವಕಾಶ. ಜಪಾನ್ ತನ್ನ ಮೊಟ್ಟಮೊದಲ ಯೆನ್ ಸಾಲ ಕೊಟ್ಟಿದ್ದೇ ಭಾರತಕ್ಕೆ, 1958ರಲ್ಲಿ. ತಮಾಷೆ ಅಂದ್ರೆ ಆಗ ಅದೇ ವಿಶ್ವಬ್ಯಾಂಕಿನ ಸಾಲಗಾರ! ಬುಲೆಟ್ ರೈಲಿಗೂ 1961ರಲ್ಲಿ ಅಲ್ಲಿಂದ ಸಾಲ ತಂದಿತ್ತು. ಪೂರ್ತಿ ತೀರಿಸಿದ್ದು 1990ರಲ್ಲಿ. ಹಾಗಾಗಿಯೇ ಇರಬೇಕು, ಬಡತನ ಕಡಿಮೆಯಾಗಬೇಕಾದ್ರೆ ಸಾಲ ಮಾಡಿಯಾದ್ರೂ ನೀರು, ಕರೆಂಟು, ರೈಲು ಕಟ್ಟಿಕೊಳ್ಳಿ ಅನ್ನೋದು ಅವರ ಲೆಕ್ಕಾಚಾರ.

ಕೇಳುವವರು ನಾವೇ ಆಗಿರಬೇಕು. ದೆಹಲಿಯಿಂದ ಕೋರಿಕೆ ಹೋಗುತ್ತೆ, ಅವರ ತಂಡ ಬಂದು ಪರಿಶೀಲಿಸುತ್ತೆ, ಆಮೇಲೆ ಒಪ್ಪಂದ. ಆದ್ರೆ ಷರತ್ತುಗಳಿವೆ. ಸಾಲ ಪಡೆಯುವ ದೇಶ ಎಂಥ ಅಸ್ತ್ರ ತಯಾರಿಸುತ್ತಿದೆ ಅಂತ ನೋಡಬೇಕೆಂದು 1992ರಲ್ಲೇ ಅವರು ನಿಯಮ ಮಾಡಿಕೊಂಡಿದ್ದರು. 1998ರಲ್ಲಿ ಪೋಖ್ರಾನ್ ಸ್ಫೋಟವಾದಾಗ ಹೊಸ ಸಾಲ ನಿಂತಿತು. ನಿರ್ಬಂಧ ತೆರವಾಗಿದ್ದು 2001ರಲ್ಲಿ. 2003ರಲ್ಲಿ ತಿದ್ದಿದ ನೀತಿಯಲ್ಲಿ ಬಡತನ ನಿವಾರಣೆಯೇ ಆದ್ಯತೆಗಳಲ್ಲಿ ಮೊದಲನೆಯದು.

ಕಾವೇರಿ ನಾಲ್ಕನೇ ಹಂತದ ಮೊದಲ ಘಟ್ಟಕ್ಕೆ ಸಾಲ ಸಿಕ್ಕಿದ್ದು ಪೋಖ್ರಾನಿಗೆ ಮೊದಲು, 1996ರಲ್ಲಿ. ಎರಡನೇ ಘಟ್ಟಕ್ಕೆ 2005 ಮತ್ತು 2006ರಲ್ಲಿ ಸುಮಾರು 7,000 ಕೋಟಿ ಯೆನ್. ದಿನಕ್ಕೆ ಇನ್ನೂ 50 ಕೋಟಿ ಲೀಟರ್ ನೀರನ್ನು ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ, ಆಗಿನ್ನೂ ನಗರಸಭೆಗಳಾಗಿದ್ದ ಕೆ.ಆರ್.ಪುರ, ಮಹದೇವಪುರದಂಥ ಹೊರವಲಯಕ್ಕೂ ಕೊಡೋದು ಗುರಿ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತಕ್ಕೂ ಅವರದ್ದೇ ಸಾಲ.

ಇದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಥೆ ಇಡ್ತೀನಿ. 2000ದ ಸುಮಾರಿಗೆ ಆಸ್ಟ್ರೇಲಿಯಾದ ನೆರವಿನಲ್ಲಿ ಬೆಂಗಳೂರಿನ ಮೂರು ಸ್ಲಂಗಳಲ್ಲಿ ಒಂದು ಪ್ರಯೋಗ ನಡೀತು. ನಲ್ಲಿ ಸಂಪರ್ಕ ಬೇಕಂದ್ರೆ ಜಾಗದ ಹಕ್ಕುಪತ್ರ ತನ್ನಿ ಅನ್ನೋ ನಿಯಮವನ್ನು ಜಲಮಂಡಳಿ ಅಲ್ಲಿ ಸಡಿಲಿಸಿತು. ರೇಷನ್ ಕಾರ್ಡಿನಂಥ ವಾಸದ ದಾಖಲೆ ಸಾಕು ಅಂತು. ಜಪಾನಿನ ಸಾಲದ ಮುಂದೆ ಆ ಹಣ ಏನೇನೂ ಅಲ್ಲ. ಆದ್ರೆ ಮುಖ್ಯ ಪೈಪಿಗೂ ಬಡವರ ಕೊಡಕ್ಕೂ ನಡುವೆ ಇದ್ದ ಅಡ್ಡಿ ಒಂದು ಕಾಗದ ಅನ್ನೋದನ್ನ ಆ ಪ್ರಯೋಗ ಗುರುತಿಸಿತು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪಾತ್ರೆ ತೊಳೆಯಲು ಬರುವ ಅಕ್ಕ ಅಲ್ಲೇ ಇದ್ದರು. "ನಮ್ಮ ಗಲ್ಲಿಗೆ ಈಗಲೂ ಟ್ಯಾಂಕರ್ರೇ ಗತಿ" ಅಂದರು.

ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಿಮಗೆಲ್ಲ ಗೊತ್ತೇ ಇದೆ. ಈ ಸಾಲ ತೀರಿಸೋರು ನಾವೇ, ತೆರಿಗೆಯಲ್ಲೋ ನೀರಿನ ಬಿಲ್ಲಿನಲ್ಲೋ. ಸೋಪು ಕೊಳ್ಳುವಾಗ ಆ ಅಕ್ಕನೂ ತೆರಿಗೆ ಕಟ್ತಾರೆ. ಕಂತಿನಲ್ಲಿ ಅವರ ಪಾಲಿದೆ, ನೀರಿನಲ್ಲಿ ಇಲ್ಲ. ಇದನ್ನ ಸರಿಮಾಡೋಕೆ ಜಪಾನಿನವರೇ ಬರಬೇಕಾ?

ನಿಮ್ಮ ಏರಿಯಾದಲ್ಲಿ ಹೇಗಿದೆ? ತಿಳಿಸಿ.