ವೈಜ್ಞಾನಿಕ ಚಲನಚಿತ್ರಗಳಲ್ಲಿ ದೃಶ್ಯ ಪರಿಣಾಮ ಮತ್ತು ಪಾತ್ರಪೋಷಣೆ

ಕ್ಯಾಮೆರಾದ ಮುಂದೆ ಇಲ್ಲದ್ದನ್ನು ಪುಟ್ಟ ಮಾದರಿ, ಫಿಲ್ಮಿನ ಮರುಮುದ್ರಣ ಅಥವಾ ಕಂಪ್ಯೂಟರ್ ಗ್ರಾಫಿಕ್ಸ್ ನೆರವಿನಿಂದ ತೆರೆಯ ಮೇಲೆ ತರುವ ಕೌಶಲವೇ ದೃಶ್ಯ ಪರಿಣಾಮ. ವೈಜ್ಞಾನಿಕ ಚಿತ್ರಗಳಿಗೂ ಅದಕ್ಕೂ ಹುಟ್ಟಿನಿಂದಲೇ ನಂಟು. ಜಾರ್ಜ್ ಮೆಲಿಯೆಸ್ 1902ರಲ್ಲಿ ಚಂದ್ರಯಾನದ ಮೂಕಿಚಿತ್ರ ತೆಗೆದಾಗ ಜನ ನೋಡಿ ಬೆರಗಾದದ್ದು ಅದರ ಚಮತ್ಕಾರಕ್ಕೇ. ಚಮತ್ಕಾರ ಮೆರೆದಲ್ಲಿ ಪಾತ್ರಗಳು ಸೊರಗುತ್ತವೆ ಎಂಬ ದೂರು ಕೂಡ ಹಳೆಯದೇ.

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ಯ (1968) ಮೇಲೂ ಈ ದೂರಿತ್ತು. ಅದರಲ್ಲೊಬ್ಬ ಗಗನಯಾತ್ರಿ ಭೂಮಿಯಿಂದ ಬಂದ ತಂದೆತಾಯಿಯ ಹುಟ್ಟುಹಬ್ಬದ ಹಾರೈಕೆಯನ್ನು ಮುಖದ ಒಂದು ಗೆರೆಯೂ ಅಲುಗದಂತೆ ನೋಡುತ್ತಾನೆ. ಆದರೆ ಹಾಲ್ ಎಂಬ ಕಂಪ್ಯೂಟರ್ ತನ್ನ ನೆನಪಿನ ಫಲಕಗಳನ್ನು ಒಂದೊಂದಾಗಿ ಕಳಚಲಾಗುತ್ತಿರುವಾಗ ಹೆದರಿಕೆಯಾಗುತ್ತಿದೆ ಎನ್ನುತ್ತದೆ. ಒಂದು ಕೆಂಪು ಮಸೂರ, ನಟ ಡಗ್ಲಾಸ್ ರೇನ್ ಅವರ ಏರಿಳಿತವಿಲ್ಲದ ದನಿ: ಪ್ರೇಕ್ಷಕ ಮರುಗುವುದು ಇದಕ್ಕೇ. ಹೀಗೆ ಮನುಷ್ಯರನ್ನು ತಣ್ಣಗಿಟ್ಟದ್ದು ಉದ್ದೇಶಪೂರ್ವಕವೆಂದೇ ಕಾಣುತ್ತದೆ. ಕುಬ್ರಿಕ್‌ಗೆ ದಕ್ಕಿದ ಏಕೈಕ ಆಸ್ಕರ್ ಈ ಚಿತ್ರದ ದೃಶ್ಯ ಪರಿಣಾಮಕ್ಕೆ ಬಂದದ್ದು.

ಗ್ರಾಫಿಕ್ಸ್ ಎಷ್ಟು ನಿಮಿಷ ಇದೆ ಎಂಬುದಕ್ಕಿಂತ ಅದನ್ನು ಯಾರ ಕಣ್ಣಿನಿಂದ ತೋರಿಸಲಾಗಿದೆ ಎಂಬುದು ಮುಖ್ಯ. ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಜುರಾಸಿಕ್ ಪಾರ್ಕ್’ (1993) ಎರಡು ತಾಸಿಗೂ ಹೆಚ್ಚು ಉದ್ದದ ಚಿತ್ರ. ಡೈನೋಸಾರ್‌ಗಳು ಕಾಣುವುದು ಅದರಲ್ಲಿ ಕಾಲು ತಾಸಿನಷ್ಟು ಮಾತ್ರ. ಅದರಲ್ಲೂ ಕಂಪ್ಯೂಟರ್ ಸೃಷ್ಟಿಸಿದ್ದು ಅರ್ಧಕ್ಕಿಂತ ಕಡಿಮೆ, ಉಳಿದವು ಯಂತ್ರಚಾಲಿತ ಬೊಂಬೆಗಳು. ಮೊದಲ ದರ್ಶನದ ದೃಶ್ಯದಲ್ಲಿ ವಿಜ್ಞಾನಿ ಗ್ರಾಂಟ್ ಜೀಪಿನಲ್ಲಿ ಎದ್ದು ನಿಲ್ಲುತ್ತಾನೆ, ತಡವರಿಸುತ್ತ ಕಪ್ಪು ಕನ್ನಡಕ ತೆಗೆಯುತ್ತಾನೆ, ಎಲೆಯೊಂದನ್ನು ಪರೀಕ್ಷಿಸುತ್ತ ಕುಳಿತ ಸಹವಿಜ್ಞಾನಿ ಎಲೀಯ ತಲೆಯನ್ನು ಕೈಯಿಂದಲೇ ಹಿಡಿದು ಅತ್ತ ತಿರುಗಿಸುತ್ತಾನೆ. ಬ್ರಾಕಿಯೋಸಾರಸ್ ತೆರೆಗೆ ಬರುವುದು ಆಮೇಲೆ. ಜೀವಮಾನವಿಡೀ ಮೂಳೆಗಳನ್ನಷ್ಟೇ ಅಗೆದು ತೆಗೆದವನ ದಿಗ್ಭ್ರಮೆ ಅಷ್ಟರಲ್ಲಿ ನೋಡುಗನದೂ ಆಗಿರುತ್ತದೆ. ಮುಂದೆ ಬಂದ ಅನೇಕ ದೈತ್ಯಪ್ರಾಣಿ ಚಿತ್ರಗಳು ಪ್ರಾಣಿಯನ್ನು ಹಿಗ್ಗಿಸಿದವು, ಈ ಕಾಯಿಸುವ ಕಲೆಯನ್ನು ಕಲಿಯಲಿಲ್ಲ.

ನಟನ ಚಲನೆ, ಮುಖಭಾವಗಳನ್ನು ದಾಖಲಿಸಿ ಗ್ರಾಫಿಕ್ಸ್ ಪಾತ್ರಕ್ಕೆ ವರ್ಗಾಯಿಸುವ ಅಭಿನಯ ಗ್ರಹಣ ತಂತ್ರ ಬಂದ ಮೇಲೆ ಗ್ರಾಫಿಕ್ಸೇ ಪಾತ್ರವಾಗುವುದು ಸಾಧ್ಯವಾಯಿತು. ‘ರೈಸ್ ಆಫ್ ದ ಪ್ಲಾನೆಟ್ ಆಫ್ ದ ಏಪ್ಸ್’ (2011) ಚಿತ್ರದ ಚಿಂಪಾಂಜಿ ಸೀಸರ್‌ನ ನೋಟ, ನಡೆಗಳಿಗೆಲ್ಲ ನಟ ಆ್ಯಂಡಿ ಸರ್ಕಿಸ್ ಅವರ ಅಭಿನಯವೇ ಆಧಾರ.

ಅಲೆಕ್ಸ್ ಗಾರ್ಲೆಂಡ್‌ರ ‘ಎಕ್ಸ್ ಮಾಕಿನಾ’ದಲ್ಲಿ ಯಂತ್ರಮಾನವಿ ಏವಾಳ ಪಾರದರ್ಶಕ ಹೊಟ್ಟೆ, ತೋಳುಗಳೊಳಗೆ ಲೋಹದ ಭಾಗಗಳು ಚಲಿಸುತ್ತವೆ; ಮುಖ ಮತ್ತು ಕೈಗಳು ಮಾತ್ರ ನಟಿ ಅಲಿಸಿಯಾ ವಿಕಾಂಡರ್ ಅವರವೇ. ಹಸಿರು ಪರದೆ ಕಟ್ಟದೆ ನಿಜವಾದ ಸೆಟ್ಟಿನಲ್ಲಿ, ಎದುರು ನಟನೊಂದಿಗೇ ದೃಶ್ಯ ಚಿತ್ರಿಸಿದರು. ನಟರಿಲ್ಲದ ಖಾಲಿ ಸೆಟ್ಟನ್ನೂ ಪ್ರತ್ಯೇಕವಾಗಿ ಸೆರೆಹಿಡಿದು, ಮೈಯ ಭಾಗಗಳನ್ನು ಅಳಿಸಿ ಯಂತ್ರ ಕೂಡಿಸುವ ಕೆಲಸವನ್ನು ಆಮೇಲೆ ಮಾಡಿದರು. ಸುಮಾರು 1.5 ಕೋಟಿ ಡಾಲರ್ ವೆಚ್ಚದ ಈ ಚಿತ್ರ 2016ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಹಾಗೂ ‘ಸ್ಟಾರ್ ವಾರ್ಸ್: ದ ಫೋರ್ಸ್ ಅವೇಕನ್ಸ್’ನಂಥ ದುಬಾರಿ ಚಿತ್ರಗಳನ್ನು ಹಿಂದಿಕ್ಕಿ ದೃಶ್ಯ ಪರಿಣಾಮದ ಆಸ್ಕರ್ ಗೆದ್ದಿತು.